ಎಸಿಎಲ್‌ಗೆ ‘ಸ್ಟೆಮ್ ಸೆಲ್ ಪ್ಯಾಕೇಜ್’: ಸಿರಿಂಜಿನಲ್ಲಿ ಇರುವುದೇನು, ಇಲ್ಲದಿರುವುದೇನು

ಮಂಡಿಯೊಳಗಿನ ಎಸಿಎಲ್ ಲಿಗಮೆಂಟ್ (ಮೂಳೆಗೆ ಮೂಳೆ ಬಿಗಿಯುವ ಪಟ್ಟಿ) ಹರಿದುಕೊಂಡವರಿಗೆ ಹಳೆಯ ದಾರಿ ಗೊತ್ತಿರುವುದೇ: ತೊಡೆಯ ಹಿಂಬದಿಯ ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ತೆಗೆದು, ಮೂಳೆಯಲ್ಲಿ ಸುರಂಗ ಕೊರೆದು, ಹೊಸ ಲಿಗಮೆಂಟ್ ಕೂರಿಸುವ ಆಪರೇಷನ್. ಅದರ ಪಕ್ಕದಲ್ಲೇ ಈಗ ‘ಕೊಯ್ಯುವುದು ಬೇಡ, ನಿಮ್ಮದೇ ಜೀವಕೋಶಗಳಿಂದ ಲಿಗಮೆಂಟ್ ಮತ್ತೆ ಬೆಳೆಯುತ್ತೆ’ ಎಂಬ ಇಂಜೆಕ್ಷನ್ ಪ್ಯಾಕೇಜು ಮಾರಾಟಕ್ಕಿದೆ. ಈ ವಿಮರ್ಶೆ ಅದರದ್ದು. ಒಂದು ಕ್ಲಿನಿಕ್ಕಿನ ಹೆಸರು ಹಿಡಿದು ಬರೆಯುತ್ತಿಲ್ಲ, ಯಾಕೆಂದರೆ ಬ್ರೋಷರ್ ಬೇರೆಯಾದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಪೂರ್ತಿ ತುಂಡಾದ ಎಸಿಎಲ್‌ಗೆ ಇದಕ್ಕೆ ದುಡ್ಡು ಕೊಡಬೇಡಿ. ಅರ್ಧಂಬರ್ಧ ಹರಿದಿದ್ದರೆ ಮೊದಲು ಮೂರು ತಿಂಗಳು ಒಳ್ಳೆಯ ಫಿಸಿಯೋಥೆರಪಿ ಮಾಡಿ, ಆಮೇಲೆ ಯೋಚಿಸಿ. ಇಂಜೆಕ್ಷನ್ನಿನ ಕೋಶಗಳು ಕೆಟ್ಟವು ಎಂದಲ್ಲ. ಹರಿದ ಎಸಿಎಲ್‌ಗೆ ಕೋಶಗಳ ಕೊರತೆಯೇ ಇರುವುದಿಲ್ಲ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಬೇಕು, ಮಿಕ್ಕಿದ್ದೆಲ್ಲ ಅದರ ಮೇಲೇ ನಿಂತಿದೆ. ಎಸಿಎಲ್ ಸುಮಾರು 3 ಸೆಂ.ಮೀ. ಉದ್ದದ ಹುರಿ. ತೊಡೆಮೂಳೆಯಿಂದ ಹೊರಟು ಕಣಕಾಲಿನ ಮೂಳೆಯ ಮೇಲ್ಭಾಗಕ್ಕೆ ಕೀಲಿನ ನಡುವೆಯೇ ಹಾದುಹೋಗುತ್ತದೆ. ಮಂಡಿಯ ಒಳಪಕ್ಕದ ಎಂಸಿಎಲ್ ಹರಿದರೆ ಸಾಮಾನ್ಯವಾಗಿ ಬ್ರೇಸ್ ಹಾಕಿಯೇ ಕೂಡಿಕೊಳ್ಳುತ್ತದೆ. ಅಲ್ಲಿ ಸೋರಿದ ರಕ್ತ ಎರಡು ತುದಿಗಳ ನಡುವೆ ಹೆಪ್ಪುಗಟ್ಟಿ ಸೇತುವೆಯಾಗುತ್ತದೆ, ಅದನ್ನು ಹಿಡಿದು ಕೋಶಗಳು ದಾಟುತ್ತವೆ. ಎಸಿಎಲ್ ಇರುವುದು ಕೀಲುದ್ರವದ ನಡುವೆ. ಪೆಟ್ಟು ಬಿದ್ದ ಕೀಲಿನಲ್ಲಿ ಪ್ಲಾಸ್ಮಿನ್ ಎಂಬ ಕಿಣ್ವ ಚುರುಕಾಗಿ ಫೈಬ್ರಿನ್ ಹೆಪ್ಪನ್ನು ಕರಗಿಸಿಬಿಡುತ್ತದೆ. ಬಾಸ್ಟನ್ನಿನ ಮೂಳೆತಜ್ಞೆ ಮಾರ್ಥಾ ಮರ್ರೆ ಮತ್ತು ಅವರ ಸಂಗಡಿಗರು ಹರಿದ ಮಾನವ ಎಸಿಎಲ್‌ಗಳ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 2000ದಲ್ಲಿ ಪ್ರಕಟಿಸಿದ ವಿವರ ಇಲ್ಲಿ ಮುಖ್ಯ. ಹರಿದ ತುದಿಯಲ್ಲಿ ಕೋಶಗಳು ಸಾಯುವುದಿಲ್ಲ, ಬದಲಿಗೆ ವಾರಗಳು ಕಳೆದಂತೆ ಹೆಚ್ಚುತ್ತವೆ, ರಕ್ತನಾಳಗಳೂ ಹುಟ್ಟುತ್ತವೆ. ಆದರೆ ದಾಟಲು ಸೇತುವೆ ಇಲ್ಲ. ಕೊನೆಗೆ ಕುಗ್ಗುವ ಗುಣದ ಕೋಶಗಳ ಪದರ ತುದಿಯ ಮೇಲೆ ಮುಸುಕು ಹಾಕಿ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇಂಥ ಜಾಗಕ್ಕೆ ಬರೀ ಕೋಶಗಳನ್ನು ಚುಚ್ಚುವುದೆಂದರೆ ಸಾರವೆ ಕಟ್ಟದೆ ಗಾರೆಯವರನ್ನಷ್ಟೇ ಕಳಿಸಿದ ಹಾಗೆ.

ಈಗ ಪ್ಯಾಕೇಜು. ಹೆಚ್ಚಾಗಿ ಸಿಗುವುದು ಅಸ್ಥಿಮಜ್ಜೆಯ ಸಾಂದ್ರ ದ್ರವ, ಅಂದರೆ ಸೊಂಟದ ಮೂಳೆಯ ಹಿಂಬದಿಯಿಂದ ಸುಮಾರು 60 ಮಿ.ಲೀ. ಮಜ್ಜೆ ಎಳೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಉಳಿಸಿಕೊಂಡ 6ರಿಂದ 8 ಮಿ.ಲೀ. ಗುಣಮಟ್ಟ ನಿರ್ಧಾರವಾಗುವುದು ಯಂತ್ರದಲ್ಲಲ್ಲ, ಎಳೆಯುವ ಕೈಯಲ್ಲಿ. ಒಂದೇ ಜಾಗದಿಂದ ದೊಡ್ಡ ಸಿರಿಂಜಿನಲ್ಲಿ ಒಂದೇ ಸಮ ಎಳೆದರೆ ಮೊದಲ ಕೆಲವು ಮಿ.ಲೀ. ಮಜ್ಜೆ ಬರುತ್ತದೆ, ಉಳಿದದ್ದು ಬರೀ ರಕ್ತ. ಸರಿಯಾಗಿ ಮಾಡುವವರು 10 ಮಿ.ಲೀ. ಸಿರಿಂಜ್ ಹಿಡಿದು, ಸ್ವಲ್ಪ ಸ್ವಲ್ಪವೇ ಜೋರಾಗಿ ಎಳೆದು, ಪ್ರತಿ ಸಲ ಸೂಜಿಯ ಆಳ ಅಥವಾ ದಿಕ್ಕು ಬದಲಿಸುತ್ತಾರೆ. ಸಿರಿಂಜಿಗೆ ಹೆಪಾರಿನ್ ಅಥವಾ ಸಿಟ್ರೇಟ್ ಸವರದಿದ್ದರೆ ಮಜ್ಜೆ ಸಿರಿಂಜಿನಲ್ಲೇ ಗಡ್ಡೆಕಟ್ಟಿ, ಫಿಲ್ಟರಿನಲ್ಲಿ ಕೋಶಗಳು ಸಿಕ್ಕಿಬೀಳುತ್ತವೆ. ಇನ್ನೊಂದು ತಪ್ಪು ಮಂಡಿಯಲ್ಲಿ ಆಗುತ್ತದೆ. ನೋವಾಗಬಾರದೆಂದು ಕೀಲಿನೊಳಗೆ ಬುಪಿವಕೇನ್ ಅಥವಾ ಲಿಡೋಕೇನ್ ಬಿಟ್ಟು ಅದರ ಮೇಲೇ ಕೋಶಗಳನ್ನು ಬಿಡುತ್ತಾರೆ. ಈ ಅರಿವಳಿಕೆಗಳು ಕೋಶಗಳಿಗೇ ವಿಷ. ಮರಗಟ್ಟಿಸುವುದು ಚರ್ಮದ ಮಟ್ಟದಲ್ಲಿ ಸಾಕು.

ಮಾರಾಟದ ಮಾತು ಕೇಳಿ: ‘ನಿಮಗೆ ಐವತ್ತು ಕೋಟಿ ಸೆಲ್ ಕೊಡ್ತೀವಿ.’ ಅದೇ ದಿನ ಯಂತ್ರ ಎಣಿಸಿ ಹೇಳುವ ಲೆಕ್ಕ ನ್ಯೂಕ್ಲಿಯಸ್ ಇರುವ ಎಲ್ಲ ಕೋಶಗಳದ್ದು. ಅದರಲ್ಲಿ ಬಹುಪಾಲು ಬಿಳಿ ರಕ್ತಕಣ ಮತ್ತು ಅವುಗಳ ಮರಿಗಳು. ಮೀಸೆನ್‌ಕೈಮಲ್ ಸ್ಟೆಮ್ ಸೆಲ್ (ಮೂಳೆ, ಮೃದ್ವಸ್ಥಿಯಂಥ ಅಂಗಾಂಶವಾಗಿ ಬೆಳೆಯಬಲ್ಲ ಮೂಲಕೋಶ) ಎಂದು ಕರೆಯಬಹುದಾದವು ಮಜ್ಜೆಯಲ್ಲಿ 0.001ರಿಂದ 0.01 ಶೇಕಡಾ ಮಾತ್ರ. ಐವತ್ತು ಕೋಟಿಗೆ ಲೆಕ್ಕ ಹಾಕಿದರೆ 5 ಸಾವಿರದಿಂದ 50 ಸಾವಿರ. ಅವು ನಿಜಕ್ಕೂ ಎಷ್ಟಿವೆ ಎಂದು ತಿಳಿಯಲು ತಟ್ಟೆಯಲ್ಲಿ ಬೆಳೆಸಿ ಕಾಲೋನಿ ಎಣಿಸಬೇಕು, ಅದಕ್ಕೆ 10ರಿಂದ 14 ದಿನ ಬೇಕು. ಬೆಳಿಗ್ಗೆ ಮಜ್ಜೆ ತೆಗೆದು ಮಧ್ಯಾಹ್ನ ಮನೆಗೆ ಕಳಿಸುವ ಪ್ಯಾಕೇಜಿನಲ್ಲಿ ಆ ಎಣಿಕೆ ಸಾಧ್ಯವೇ ಇಲ್ಲ. ಹೋಲಿಸಲು ಒಂದು ಅಳತೆ: ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ಮಂಡಿ ಸವೆತಕ್ಕೆಂದು ತಯಾರಿಸಿದ, 2022ರಲ್ಲಿ ಕೇಂದ್ರ ಔಷಧ ನಿಯಂತ್ರಕರ ಅನುಮತಿ ಪಡೆದ ಸ್ಟೆಂಪ್ಯೂಸೆಲ್‌ನ ಒಂದು ಡೋಸಿನಲ್ಲಿ ದಾನಿಗಳ ಮಜ್ಜೆಯಿಂದ ಬೆಳೆಸಿದ 2.5 ಕೋಟಿ ಕೋಶಗಳಿರುತ್ತವೆ. ಕೇಳಲು ಐವತ್ತು ಕೋಟಿ ದೊಡ್ಡದು. ಬೇಕಾದ ಜಾತಿಯ ಕೋಶ ಎಣಿಸಿದರೆ ಎರಡೂವರೆ ಕೋಟಿಯೇ ನೂರಾರು ಪಟ್ಟು ದೊಡ್ಡದು.

ಇಲ್ಲೇ ಒಂದು ಎಚ್ಚರಿಕೆ. ಮಂಡಿಯ ಮಟ್ಟಿಗೆ ಸ್ಟೆಂಪ್ಯೂಸೆಲ್‌ಗೆ ಅನುಮತಿ ಇರುವುದು ಸವೆತಕ್ಕೆ, ಅದೂ ಎಕ್ಸ್‌ರೇಯಲ್ಲಿ 2 ಮತ್ತು 3ನೇ ದರ್ಜೆಯದ್ದಕ್ಕೆ. ‘ಮಂಡಿಗೆ ಅನುಮತಿ ಇದೆ ಸಾರ್’ ಎಂದು ಯಾರಾದರೂ ಅದನ್ನೇ ಹರಿದ ಲಿಗಮೆಂಟಿಗೂ ಎಳೆದರೆ, ಮಂಡಿ ಒಂದೇ ಆದರೂ ಕಾಯಿಲೆ ಬೇರೆ ಎಂದು ಹೇಳಿ ಎದ್ದು ಬನ್ನಿ.

ಕೊಬ್ಬಿನಿಂದ ತೆಗೆದ ಕೋಶಗಳು, ಹೊಕ್ಕುಳಬಳ್ಳಿಯ ವೈಯಲ್‌ಗಳು, ಎಕ್ಸೋಸೋಮ್‌ಗಳು (ಕೋಶಗಳು ಹೊರಬಿಡುವ ಸೂಕ್ಷ್ಮ ಚೀಲಗಳು) ಕೂಡ ಇದೇ ಹೆಸರಿನಲ್ಲಿ ಬರುತ್ತವೆ. ಕೊಬ್ಬನ್ನು ಕೊಲಾಜಿನೇಸ್ ಕಿಣ್ವದಲ್ಲಿ ಕರಗಿಸಿ ಕೋಶ ಬೇರ್ಪಡಿಸುವುದು ಕಾನೂನಿನ ಕಣ್ಣಿನಲ್ಲಿ ಹೊಸ ಔಷಧ ತಯಾರಿಸಿದಂತೆ, ಪರವಾನಗಿ ಬೇಕು. ವೈಯಲ್‌ಗಳ ಅಪಾಯಕ್ಕೆ 2018ರ ಅಮೆರಿಕದ ಉದಾಹರಣೆ ಸಾಕು: ಹೊಕ್ಕುಳಬಳ್ಳಿ ರಕ್ತದ ಉತ್ಪನ್ನ ಚುಚ್ಚಿಸಿಕೊಂಡ 12 ಮಂದಿ ಬ್ಯಾಕ್ಟೀರಿಯಾ ಸೋಂಕಿನಿಂದ ಆಸ್ಪತ್ರೆ ಸೇರಿದರು, ತೆರೆಯದ ವೈಯಲ್‌ಗಳಲ್ಲೂ ರೋಗಾಣು ಸಿಕ್ಕಿತು. ಪಿಆರ್‌ಪಿ ಎಂಬುದು ಪ್ಲೇಟ್‌ಲೆಟ್ ದ್ರವ, ಸ್ಟೆಮ್ ಸೆಲ್ ಅಲ್ಲವೇ ಅಲ್ಲ. ಬಿಲ್ಲಿನಲ್ಲಿ ಪಿಆರ್‌ಪಿ, ಬ್ಯಾನರಿನಲ್ಲಿ ಸ್ಟೆಮ್ ಸೆಲ್ ಇದ್ದರೆ ಬಿಲ್ಲನ್ನೇ ನಂಬಿ.

ಸೂಜಿ ಎಲ್ಲಿಗೆ ಹೋಗುತ್ತದೆ ಎಂಬುದೂ ದೊಡ್ಡ ಪ್ರಶ್ನೆ. ಬಹಳ ಕಡೆ ಕೀಲಿನ ಒಳಗೆ ಬಿಡುತ್ತಾರೆ, ಅಷ್ಟೆ. ಹಾಗೆ ಬಿಟ್ಟ ಕೋಶಗಳು ಕೀಲಿನ ಒಳಪೊರೆಗೆ ಅಂಟಿಕೊಂಡು ಹೆಚ್ಚಿನವು ಬೇಗನೆ ಕಾಣೆಯಾಗುತ್ತವೆ ಎಂಬುದು ಪ್ರಾಣಿ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಈ ಚಿಕಿತ್ಸೆಯ ಪರ ಎತ್ತಿ ತೋರಿಸುವ ಅಮೆರಿಕದ ಕೊಲರಾಡೋ ಗುಂಪಿನ ವರದಿಗಳಲ್ಲಿ ಹೀಗೆ ಮಾಡಿಲ್ಲ. ಅವರು ಫ್ಲೂರೋಸ್ಕೋಪಿಯ ನೇರ ಎಕ್ಸ್‌ರೇಯಲ್ಲಿ ನೋಡುತ್ತಾ, ಎಕ್ಸ್‌ರೇಯಲ್ಲಿ ಕಾಣುವ ಕಾಂಟ್ರಾಸ್ಟ್ ದ್ರವ ಬಿಟ್ಟು ಖಚಿತಪಡಿಸಿಕೊಂಡು, ಲಿಗಮೆಂಟಿನ ಒಳಗೇ ಚುಚ್ಚಿದರು. ಆರಿಸಿಕೊಂಡದ್ದು ತುದಿಗಳು 1 ಸೆಂ.ಮೀ.ಗಿಂತ ಹೆಚ್ಚು ದೂರ ಸರಿಯದವರನ್ನು. ಆದ್ದರಿಂದ ಆ ವರದಿಯ ಫೋಟೊ ತೋರಿಸಿ ಕುರುಡಾಗಿ ಕೀಲಿಗೆ ಚುಚ್ಚುವುದು, ಒಂದು ಅಡುಗೆಯ ಹೆಸರು ಹೇಳಿ ಇನ್ನೊಂದನ್ನು ಬಡಿಸುವ ಕೆಲಸ. ಅದಕ್ಕಿಂತ ದೊಡ್ಡ ಕೊರತೆ ಆ ಗುಂಪಿನ ಮೊದಲ ವರದಿಗಳಲ್ಲೇ ಇದೆ: ಇಂಜೆಕ್ಷನ್ ಇಲ್ಲದ ಹೋಲಿಕೆಯ ಗುಂಪು ಇರಲಿಲ್ಲ.

ಹೋಲಿಕೆಯ ಗುಂಪು ಯಾಕೆ ಬೇಕು? ಎಸಿಎಲ್ ಎಂದಿಗೂ ತಾನಾಗಿ ಕೂಡುವುದಿಲ್ಲ ಎಂಬ ಹಳೆಯ ನಂಬಿಕೆಯೇ ಈಗ ಅಲುಗಾಡುತ್ತಿದೆ. ಸ್ವೀಡನ್ನಿನ ಕ್ಯಾನನ್ ಅಧ್ಯಯನದಲ್ಲಿ ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಪರೇಷನ್ ಎಂದು ನಿಗದಿಯಾದ 54 ಮಂದಿಯ ಎಂಆರ್‌ಐಗಳನ್ನು ಮತ್ತೆ ತೆಗೆದು ನೋಡಿದಾಗ, ಎರಡು ವರ್ಷಕ್ಕೆ 16 ಮಂದಿಯಲ್ಲಿ ಲಿಗಮೆಂಟು ಕೂಡಿದ ಗುರುತಿತ್ತು. ಆಪರೇಷನ್ನೇ ಆಗದವರನ್ನಷ್ಟೇ ಎಣಿಸಿದರೆ ಅರ್ಧಕ್ಕಿಂತ ತುಸು ಹೆಚ್ಚು. ಆಸ್ಟ್ರೇಲಿಯಾದಿಂದ 2023ರಲ್ಲಿ ಬಂದ ಕ್ರಾಸ್ ಬ್ರೇಸಿಂಗ್ ವರದಿ ಇನ್ನೂ ಮುಂದೆ ಹೋಯಿತು. ಪೆಟ್ಟಾದ 4 ವಾರದೊಳಗೆ ಮಂಡಿಯನ್ನು 90 ಡಿಗ್ರಿ ಮಡಚಿ ಬ್ರೇಸಿನಲ್ಲಿ 4 ವಾರ ಬಿಗಿಯುವುದು, ಆಮೇಲೆ ಮೆಲ್ಲಗೆ ಸಡಿಲಿಸಿ 12ನೇ ವಾರಕ್ಕೆ ಬ್ರೇಸ್ ತೆಗೆಯುವುದು. ಮಡಚಿದಾಗ ಹರಿದ ತುದಿಗಳು ಹತ್ತಿರ ಬರುತ್ತವೆ ಎಂಬುದು ತರ್ಕ. 80 ಮಂದಿಯಲ್ಲಿ 72 ಮಂದಿಗೆ ಮೂರು ತಿಂಗಳ ಎಂಆರ್‌ಐಯಲ್ಲಿ ಕೂಡಿದ ಗುರುತು ಕಂಡಿತು, 11 ಮಂದಿಗೆ ಮತ್ತೆ ಹರಿಯಿತು. ಇದಕ್ಕೂ ಹೋಲಿಕೆಯ ಗುಂಪಿಲ್ಲ, ಕಾಲು ಮಡಚಿಟ್ಟರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವಿದೆ, ಡಾಕ್ಟರ ನಿಗಾ ಇಲ್ಲದೆ ಮನೆಯಲ್ಲಿ ಮಾಡುವ ಕೆಲಸ ಖಂಡಿತ ಅಲ್ಲ. ಆದರೂ ಕೋಶವನ್ನೇ ಚುಚ್ಚದೆ ಇಷ್ಟು ಕಂಡಿತಲ್ಲ! ಹೀಗಿರುವಾಗ ‘ಇಂಜೆಕ್ಷನ್ ಆದಮೇಲೆ ಎಂಆರ್‌ಐಯಲ್ಲಿ ಲಿಗಮೆಂಟು ಕೂಡಿದೆ ನೋಡಿ’ ಎಂಬ ಒಂದು ಚಿತ್ರದಿಂದ ಇಂಜೆಕ್ಷನ್ನಿನ ಗುಣ ಸಾಬೀತಾಗುವುದಿಲ್ಲ.

ನೋವು ಕಡಿಮೆಯಾದದ್ದೂ ಸಾಕ್ಷಿಯಲ್ಲ. ಎಸಿಎಲ್ ಹರಿದಾಗಿನ ಊತ, ನೋವು ಆರು ವಾರದ ಹೊತ್ತಿಗೆ ಬಹುಪಾಲು ಜನರಿಗೆ ತಾನಾಗೇ ಇಳಿಯುತ್ತದೆ. ಕಾಡುವುದು ನೋವಲ್ಲ, ತಿರುಗಿದಾಗ ಮಂಡಿ ಕೈಕೊಡುವುದು. ನೋಡಬೇಕಾದದ್ದು ಲ್ಯಾಕ್‌ಮನ್ ಪರೀಕ್ಷೆಯಲ್ಲಿ (ಮಂಡಿ ತುಸು ಮಡಚಿ ಕೆಳಗಾಲನ್ನು ಮುಂದಕ್ಕೆ ಎಳೆದು ನೋಡುವುದು) ಎಳೆತ ಗಟ್ಟಿಯಾಗಿ ನಿಲ್ಲುತ್ತದೆಯೋ ಇಲ್ಲವೋ ಎಂಬುದು, ಪಿವಟ್ ಶಿಫ್ಟ್ (ಕಾಲು ತಿರುಚಿ ಮಂಡಿ ಜಾರುತ್ತದೆಯೇ ಎಂದು ನೋಡುವ ಪರೀಕ್ಷೆ), ಮತ್ತು ಕೆಟಿ-1000 ಥರದ ಉಪಕರಣದಲ್ಲಿ ಒಳ್ಳೆಯ ಕಾಲಿಗಿಂತ ಎಷ್ಟು ಮಿ.ಮೀ. ಹೆಚ್ಚು ಜಾರುತ್ತದೆ ಎಂಬ ಅಳತೆ. ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ನಿಶ್ಚಿಂತೆ, 5 ದಾಟಿದರೆ ಲಿಗಮೆಂಟು ಲೆಕ್ಕಕ್ಕಿಲ್ಲ ಎಂದೇ ಅರ್ಥ. ಚಿಕಿತ್ಸೆಗೆ ಮುಂಚೆ ಈ ಅಳತೆ ಬರೆದುಕೊಳ್ಳದ ಕ್ಲಿನಿಕ್ಕಿಗೆ, ಆಮೇಲೆ ಗುಣವಾಯಿತೆಂದು ಹೇಳುವ ಆಧಾರವೇ ಇರುವುದಿಲ್ಲ.

ಸೇತುವೆಯ ಕೊರತೆ ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉತ್ಪನ್ನವೇ ಇದೆ: ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2020ರ ಡಿಸೆಂಬರಿನಲ್ಲಿ ಒಪ್ಪಿದ ಬೇರ್ ಇಂಪ್ಲಾಂಟ್. ಮೇಲೆ ಹೇಳಿದ ಮಾರ್ಥಾ ಮರ್ರೆ ಅವರ ಪ್ರಯೋಗಾಲಯದಿಂದಲೇ ಬಂದದ್ದು. ದನದ ಅಂಗಾಂಶದ ಕೊಲಾಜೆನ್ ಎಂಬ ನಾರಿನ ಪ್ರೋಟೀನಿನಿಂದ ಮಾಡಿದ ಸ್ಪಂಜಿನಂಥ ಉರುಳೆ, ಸುಮಾರು 22 ಮಿ.ಮೀ. ದಪ್ಪ, 45 ಮಿ.ಮೀ. ಉದ್ದ. ಅದರೊಳಗೆ ಬೆಳೆಸಿದ ಕೋಶವಿಲ್ಲ, ಜೀನ್ ಇಲ್ಲ. ರೋಗಿಯ ತೋಳಿನಿಂದ ತೆಗೆದ 10 ಮಿ.ಲೀ. ತನಕದ ರಕ್ತವನ್ನು ಅದು ಹೀರಿಕೊಳ್ಳುತ್ತದೆ. ಕೆಲಸದ ಕ್ರಮ ಹೀಗೆ: ಕೆಳತುದಿಯ ಉಳಿದ ಲಿಗಮೆಂಟಿಗೆ ಕರಗುವ ದಾರ ಹೊಲಿಯುತ್ತಾರೆ. ತೊಡೆಮೂಳೆಯಲ್ಲಿ, ಕಣಕಾಲಿನ ಮೂಳೆಯಲ್ಲಿ ಒಂದೊಂದು ಸಣ್ಣ ರಂಧ್ರ. ತೊಡೆಮೂಳೆಯ ಮೇಲೆ ಕೂರಿಸಿದ ಪುಟ್ಟ ಬಟನ್ನಿನಿಂದ ಇಳಿದ ಕರಗದ ದಾರಗಳನ್ನು ಉರುಳೆಯೊಳಗೆ ಪೋಣಿಸಿ, ರಕ್ತ ನೆನೆಸಿ, ಕೀಲಿನ ನಡುವೆ ಕೂರಿಸಿ, ಕಾಲನ್ನು ಪೂರ್ತಿ ಚಾಚಿ ಆ ದಾರ ಬಿಗಿಯುತ್ತಾರೆ. ಆಮೇಲೆ ಕರಗುವ ದಾರ ಎಳೆದರೆ ಕೆಳಗಿನ ತುಂಡು ಸ್ಪಂಜಿನೊಳಕ್ಕೆ ಬಂದು ಸೇರುತ್ತದೆ. ಸ್ಪಂಜು ಹೆಪ್ಪನ್ನು ಪ್ಲಾಸ್ಮಿನ್‌ನಿಂದ ಕಾಪಾಡುತ್ತದೆ, ಸುಮಾರು 8 ವಾರದಲ್ಲಿ ತಾನೂ ಕರಗಿಹೋಗುತ್ತದೆ.

ಫಲಿತಾಂಶದಲ್ಲಿ ಸಿಹಿ ಕಹಿ ಎರಡೂ ಇವೆ. 100 ಮಂದಿಯ ಅಧ್ಯಯನದಲ್ಲಿ 65 ಮಂದಿಗೆ ಬೇರ್, 35 ಮಂದಿಗೆ ಹಳೆಯ ಗ್ರಾಫ್ಟ್, ಅಂದರೆ ಟೆಂಡನ್ ಕಸಿ. ಎರಡು ವರ್ಷಕ್ಕೆ ರೋಗಿಗಳು ಹೇಳಿದ ಅಂಕ ಮತ್ತು ಜಾರುವ ಅಳತೆ ಎರಡೂ ಗುಂಪಿನಲ್ಲಿ ಸರಿಸಮ. ತೊಡೆಯ ಹಿಂಬದಿಯ ಸ್ನಾಯುಬಲ ಬೇರ್ ಗುಂಪಿನಲ್ಲಿ ಒಳ್ಳೆಯ ಕಾಲಿನ ಶೇ. 98ರಷ್ಟು, ಗ್ರಾಫ್ಟ್ ಗುಂಪಿನಲ್ಲಿ ಸುಮಾರು ಶೇ. 63. ಟೆಂಡನ್ ಕೊಯ್ಯದಿದ್ದರೆ ಬಲ ಉಳಿಯುತ್ತದೆ, ಅದರಲ್ಲಿ ಅಚ್ಚರಿಯಿಲ್ಲ. ಆದರೆ ಮತ್ತೆ ಹರಿದದ್ದು ಬೇರ್‌ನಲ್ಲಿ ಶೇ. 14, ಗ್ರಾಫ್ಟ್‌ನಲ್ಲಿ ಶೇ. 6. ಅಂಕಿಅಂಶದ ಲೆಕ್ಕದಲ್ಲಿ ಇದು ಖಚಿತ ವ್ಯತ್ಯಾಸವಲ್ಲ ಎಂದರು ಸಂಶೋಧಕರು. ಕಬಡ್ಡಿ, ಫುಟ್‌ಬಾಲ್ ಆಡುವವರು ಆ ಎರಡು ಸಂಖ್ಯೆಗಳನ್ನು ಅಷ್ಟು ಸುಲಭವಾಗಿ ಪಕ್ಕಕ್ಕಿಡಬಾರದು ಎಂಬುದು ನಮ್ಮ ಅಭಿಪ್ರಾಯ. 2020ರ ಅನುಮತಿಯಲ್ಲಿ ಪೆಟ್ಟಾಗಿ 50 ದಿನದೊಳಗೆ ಹಾಕಬೇಕು, ಕೆಳತುಂಡು ಮೂಳೆಗೆ ಅಂಟಿಕೊಂಡಿರಬೇಕು, ವಯಸ್ಸು 14 ದಾಟಿ ಮೂಳೆಯ ಬೆಳವಣಿಗೆ ಮುಗಿದಿರಬೇಕು ಎಂಬ ಷರತ್ತುಗಳಿದ್ದವು. ದನದ ಮೂಲದ ವಸ್ತುವಿಗೆ ಅಲರ್ಜಿ ಇದ್ದರೆ ಆಗದು, ಧರ್ಮದ ಕಾರಣಕ್ಕೆ ಬೇಡ ಎನ್ನುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಕೇಳಿಕೊಳ್ಳಬೇಕು.

ಕೋಶದೊಳಗೆ ಜೀನ್ ಸೇರಿಸಿ ಲಿಗಮೆಂಟು ಬೆಳೆಸುವ ಜೀನ್ ವರ್ಗಾವಣೆ ಎಲ್ಲಿದೆ ಹಾಗಾದರೆ? ಲಿಗಮೆಂಟಿಗೆಂದು ಕ್ಲಿನಿಕ್ಕಿನಲ್ಲಿ ಕೊಳ್ಳಬಹುದಾದ ಜೀನ್ ಚಿಕಿತ್ಸೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಪ್ರಯೋಗಾಲಯದ ಕೆಲಸ ಮಾತ್ರ ಸ್ವಾರಸ್ಯವಾಗಿದೆ. ಕೋಶಕ್ಕೆ ಬೆಳವಣಿಗೆಯ ಪ್ರೋಟೀನನ್ನು ಒಮ್ಮೆ ಕೊಟ್ಟರೆ ಕೀಲುದ್ರವ ಅದನ್ನು ಬೇಗ ತೊಳೆದುಬಿಡುತ್ತದೆ. ಆ ಪ್ರೋಟೀನಿನ ಜೀನನ್ನೇ ವೈರಸ್ಸಿನ ಮೂಲಕ ಕೋಶದೊಳಗೆ ಇಟ್ಟರೆ ಕೋಶವೇ ವಾರಗಟ್ಟಲೆ ತಯಾರಿಸುತ್ತದೆ, ಇದು ಮೂಲ ಉಪಾಯ. ಅಡಿನೋವೈರಸ್ ಕೆಲವು ವಾರ ಕೆಲಸ ಮಾಡಿ ನಿಲ್ಲುತ್ತದೆ, ಲಿಗಮೆಂಟಿಗೆ ಅದು ಒಳ್ಳೆಯದೇ, ಆದರೆ ಉರಿಯೂತ ಎಬ್ಬಿಸುತ್ತದೆ. ಎಎವಿ ಎಂಬ ಇನ್ನೊಂದು ವೈರಸ್ ಮೃದು, ಆದರೆ ಅದರ ಹೊಟ್ಟೆ ಸಣ್ಣದು, ಸುಮಾರು 4,700 ಅಕ್ಷರದ ಜೀನ್ ಮಾತ್ರ ಹಿಡಿಯುತ್ತದೆ. ಅಲ್ಲದೆ ಬಹಳ ಜನರ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯ ಮೊದಲೇ ಇರುತ್ತದೆ. ಯಾವ ಜೀನ್ ಎಂಬುದು ಅದಕ್ಕಿಂತ ಕಷ್ಟದ ಆಯ್ಕೆ. ಟಿಜಿಎಫ್-ಬೀಟಾ1 ಎಂಬ ಬೆಳವಣಿಗೆಯ ಪ್ರೋಟೀನು ಕೊಲಾಜೆನ್ ಹೆಚ್ಚಿಸುತ್ತದೆ, ಅಳತೆ ಮೀರಿದರೆ ಕೀಲಿನ ತುಂಬ ಗಾಯದ ಅಂಗಾಂಶ ಬೆಳೆದು ಮಂಡಿ ಮಡಚಲಾಗದಂತೆ ಬಿಗಿಯುತ್ತದೆ. ಬಿಎಂಪಿ-2 ಮೂಳೆ ಬೆಳೆಸುವ ಜೀನ್. ಪಿಟ್ಸ್‌ಬರ್ಗ್ ಗುಂಪು 2002ರಲ್ಲಿ ಮೊಲಗಳಲ್ಲಿ ಗ್ರಾಫ್ಟಿಗೆ ಇದನ್ನು ಸೇರಿಸಿದಾಗ ಗ್ರಾಫ್ಟು ಮೂಳೆಯ ಸುರಂಗದಲ್ಲಿ ಚೆನ್ನಾಗಿ ಬೆಸೆಯಿತು. ಸುರಂಗದಲ್ಲಿ ಮೂಳೆ ಬೇಕು, ಲಿಗಮೆಂಟಿನ ನಡುವೆ ಬಂದರೆ ಅನಾಹುತ. ಅದಕ್ಕೇ 2006ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಬಿಎಂಪಿ-2 ಜೊತೆಗೆ ಸ್ಮ್ಯಾಡ್8 ಎಂಬ ಸಂಕೇತ ಪ್ರೋಟೀನಿನ ಸದಾ ಚಾಲೂ ಇರುವ ರೂಪವನ್ನೂ ಸ್ಟೆಮ್ ಸೆಲ್‌ಗೆ ಹಾಕಿದರು. ಕೋಶಗಳು ಮೂಳೆಯ ದಾರಿ ಬಿಟ್ಟು ಟೆಂಡನ್ನಿನ ದಾರಿ ಹಿಡಿದವು, ಇಲಿಗಳ ಹಿಮ್ಮಡಿ ಟೆಂಡನ್ ಕೂಡಿತು. ಜೀನ್ ಹೊತ್ತ ವೈರಸ್ಸನ್ನು ಕೊಲಾಜೆನ್ ಜೆಲ್ಲಿನಲ್ಲಿಟ್ಟು ಎಸಿಎಲ್‌ಗೆ ಕೊಡುವ ಪ್ರಯೋಗಗಳಲ್ಲಿ ಮರ್ರೆಯವರೂ, ಜೀನ್ ಚಿಕಿತ್ಸೆಯ ಕ್ರಿಸ್ ಎವಾನ್ಸ್ ಅವರೂ ಒಟ್ಟಿಗೆ ಕೆಲಸ ಮಾಡಿದ್ದರು. ಆ ಎಲ್ಲ ಹುಡುಕಾಟದಿಂದ ಕೊನೆಗೆ ರೋಗಿಯ ತನಕ ಬಂದದ್ದು ಜೀನ್ ಅಲ್ಲ, ಜೆಲ್ಲಿನ ಸಂತತಿಯಾದ ಬೇರ್ ಸ್ಪಂಜು.

ಮಂಡಿಗೆ ಜೀನ್ ಮತ್ತು ಕೋಶ ಸೇರಿಸಿದ ಔಷಧ ಒಂದು ಮಾರುಕಟ್ಟೆಗೆ ಬಂದಿತ್ತು, ಅದರ ಕಥೆ ಕೊಳ್ಳುವ ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು. ಕೊರಿಯಾದ ಇನ್‌ವೋಸಾ, 2017ರ ಜುಲೈನಲ್ಲಿ ಮಂಡಿ ಸವೆತಕ್ಕೆ ಅನುಮತಿ ಪಡೆಯಿತು. ಮೂರು ಪಾಲು ಸಾದಾ ಮೃದ್ವಸ್ಥಿ ಕೋಶ, ಒಂದು ಪಾಲು ಟಿಜಿಎಫ್-ಬೀಟಾ1 ಜೀನ್ ಹಾಕಿ ವಿಕಿರಣದಿಂದ ಬೆಳವಣಿಗೆ ನಿಲ್ಲಿಸಿದ ಕೋಶ ಎಂದು ಲೇಬಲ್ಲು ಹೇಳುತ್ತಿತ್ತು. 2019ರಲ್ಲಿ ಡಿಎನ್‌ಎ ಗುರುತಿನ ಪರೀಕ್ಷೆ ಮಾಡಿದಾಗ ಆ ಒಂದು ಪಾಲು ಮೃದ್ವಸ್ಥಿಯದ್ದೇ ಆಗಿರಲಿಲ್ಲ. ಜೀನ್ ಸಾಗಿಸುವ ವೈರಸ್ ತಯಾರಿಸಲು ಬಳಸುವ ಮೂತ್ರಪಿಂಡ ಮೂಲದ 293 ಕೋಶಗಳಾಗಿದ್ದವು. ಅಷ್ಟರಲ್ಲಿ 3,000ಕ್ಕೂ ಹೆಚ್ಚು ರೋಗಿಗಳಿಗೆ ಚುಚ್ಚಿಯಾಗಿತ್ತು. ಅದೇ ವರ್ಷ ಅನುಮತಿ ರದ್ದಾಯಿತು. ಕಾರ್ಖಾನೆ, ನಿಯಂತ್ರಕರು, ಪ್ರಯೋಗಗಳು ಎಲ್ಲ ಇದ್ದೂ ಹೀಗಾಯಿತೆಂದ ಮೇಲೆ, ಲೇಬಲ್ಲೇ ಇಲ್ಲದ ವೈಯಲ್ಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಬೆಳೆಸಿದ ಕೋಶ ಯಾರಾದರೂ ಕೊಡುತ್ತೇವೆಂದರೆ ಆ ಬ್ಯಾಚಿನ ಗುರುತು ಪತ್ರ ಕೇಳಿ. ಕೋಶದ ಮೈಮೇಲಿನ ಸಿಡಿ73, ಸಿಡಿ90, ಸಿಡಿ105 ಎಂಬ ಗುರುತುಗಳು ಶೇ. 95ಕ್ಕಿಂತ ಹೆಚ್ಚು ಕೋಶಗಳಲ್ಲಿ ಇರಬೇಕು. ಸಿಡಿ34, ಸಿಡಿ45ರಂಥ ರಕ್ತಕೋಶದ ಗುರುತುಗಳು ಶೇ. 2ಕ್ಕಿಂತ ಕಡಿಮೆ ಇರಬೇಕು. ಬದುಕಿರುವ ಕೋಶಗಳ ಪ್ರಮಾಣ, ಬ್ಯಾಕ್ಟೀರಿಯಾ, ಮೈಕೋಪ್ಲಾಸ್ಮ, ಎಂಡೋಟಾಕ್ಸಿನ್ ಪರೀಕ್ಷೆಗಳ ಫಲಿತಾಂಶವೂ ಅದರಲ್ಲಿರಬೇಕು.

ಭಾರತದ ನಿಯಮ ಬಿಗಿಯಾಗೇ ಇದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಒಪ್ಪಿತ ಬಳಕೆ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಚಿಕಿತ್ಸೆ ಕ್ಲಿನಿಕಲ್ ಟ್ರಯಲ್ ಒಳಗೇ ನಡೆಯಬೇಕು. 2019ರ ನಿಯಮಗಳು ಸ್ಟೆಮ್ ಸೆಲ್‌ನಿಂದ ತಯಾರಾದ ಉತ್ಪನ್ನವನ್ನು ಹೊಸ ಔಷಧವೆಂದೇ ಪರಿಗಣಿಸುತ್ತವೆ. ಟ್ರಯಲ್ ಆಗಿದ್ದರೆ ಸಿಟಿಆರ್‌ಐ (ದೇಶದ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಆ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಎಸಿಎಲ್ ಎಂದೇ ಬರೆದಿದೆಯೇ ಎಂದು ಓದಿ. ಟ್ರಯಲ್ಲಿನಲ್ಲಿ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡುವ ಹೊಣೆ ಪ್ರಾಯೋಜಕರದ್ದು. ‘ಟ್ರಯಲ್ ಇದು, ಆದರೆ ಫೀಸು ಕಟ್ಟಬೇಕು’ ಎಂದರೆ ಎರಡರಲ್ಲಿ ಒಂದು ಮಾತು ಸುಳ್ಳು. ವಿಮೆ ಸಿಗುತ್ತದೆಂದೂ ನೆಚ್ಚಿಕೊಳ್ಳಬೇಡಿ. ವಿಮಾ ನಿಯಂತ್ರಕ ಐಆರ್‌ಡಿಎಐ ಪಾಲಿಸಿಗಳಲ್ಲಿ ಸೇರಿಸಲು ಹೇಳಿದ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಸ್ಟೆಮ್ ಸೆಲ್ ಇದೆ, ಆದರೆ ಅಲ್ಲಿ ಬರೆದಿರುವುದು ರಕ್ತದ ಕಾಯಿಲೆಗೆ ಮಜ್ಜೆ ಕಸಿ.

ಇಷ್ಟಾದರೂ ಇಂಜೆಕ್ಷನ್ ಬೇಕೇ ಬೇಕು ಎನ್ನುವವರಲ್ಲಿ ಕಡಿಮೆ ಕೆಟ್ಟ ಅಭ್ಯರ್ಥಿ ಯಾರೆಂದರೆ: ಭಾಗಶಃ ಮಾತ್ರ ಹರಿದಿರುವುದು, ಲ್ಯಾಕ್‌ಮನ್‌ನಲ್ಲಿ ಗಟ್ಟಿ ನಿಲುಗಡೆ, ಮಂಡಿ ಕೈಕೊಡದಿರುವುದು, ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಹಾಳಾಗದಿರುವುದು. ಮೆನಿಸ್ಕಸ್ ಬಕೆಟ್ ಹಿಡಿಯಂತೆ ಮಗುಚಿ ಮಂಡಿ ಲಾಕ್ ಆಗಿದ್ದರೆ ಇಂಜೆಕ್ಷನ್ನಿಗೆಂದು ಒಂದು ವಾರವೂ ಕಾಯಬಾರದು, ತಡವಾದಷ್ಟೂ ಹೊಲಿಗೆ ಕೂರುವ ಅವಕಾಶ ಕಡಿಮೆ. ಚುಚ್ಚಿಸಿಕೊಂಡ ಕಾರಣಕ್ಕೆ ಆಟಕ್ಕೆ ಬೇಗ ಇಳಿಯುವ ಹಾಗಿಲ್ಲ. ಗ್ರಾಫ್ಟ್ ಆದವರಿಗೂ 9 ತಿಂಗಳಿಗೆ ಮುಂಚೆ ಆಟಕ್ಕಿಳಿದರೆ ಮತ್ತೆ ಹರಿಯುವ ಅಪಾಯ ಹೆಚ್ಚು, ತೊಡೆಯ ಮುಂಭಾಗದ ಸ್ನಾಯುಬಲ ಒಳ್ಳೆಯ ಕಾಲಿನ ಶೇ. 90 ತಲುಪಿರಬೇಕು. ಚುಚ್ಚಿದ ಮೊದಲ ಎರಡು ದಿನದ ಬಿಗಿತ, ಊತ ಸಾಮಾನ್ಯ. ಮೂರನೆಯ ದಿನದ ಮೇಲೆ ಊತ ಏರುತ್ತಿದ್ದು ಜ್ವರ ಬಂದರೆ, ಕಾಲಿಗೆ ಭಾರ ಹಾಕಲಾಗದಿದ್ದರೆ, ಚುಚ್ಚಿದವರ ವಾಟ್ಸ್ಆ್ಯಪ್ ಉತ್ತರಕ್ಕೆ ಕಾಯದೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ ಕೀಲುದ್ರವ ತೆಗೆಸಿ ಪರೀಕ್ಷಿಸಿ. ಅಲ್ಲಿಯವರೆಗೆ ಮನೆಯಲ್ಲಿದ್ದ ಆ್ಯಂಟಿಬಯೋಟಿಕ್ ಮಾತ್ರೆ ನುಂಗಬೇಡಿ, ಕಲ್ಚರಿನಲ್ಲಿ ರೋಗಾಣು ಬೆಳೆಯದೆ ಹೋಗುತ್ತದೆ.